ಕಚ್ಚಾ ತೈಲ ಏರಿದರೆ ಎನರ್ಜಿ ಸೂಚ್ಯಂಕವೂ ಏರಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ಕಚ್ಚಾ ತೈಲದ ಬೆಲೆ ಏರಿದ ಮರುದಿನ ‘ಇಂಧನ ಷೇರುಗಳಿಗೆ ಸುಗ್ಗಿ’ ಎಂದು ಬರೆಯುವುದು ವಾಣಿಜ್ಯ ಪುಟಗಳ ರೂಢಿ. ಎನ್‌ಎಸ್‌ಇಯ ನಿಫ್ಟಿ ಎನರ್ಜಿ ಸೂಚ್ಯಂಕವನ್ನು (ಇಂಧನ, ವಿದ್ಯುತ್ ವಲಯದ ಷೇರುಗಳ ಒಟ್ಟು ಏರಿಳಿತದ ಅಳತೆ) ಬಿಡಿಸಿ ನೋಡಿದರೆ ಆ ಮಾತು ಅರ್ಧವೂ ನಿಲ್ಲುವುದಿಲ್ಲ. ಒಎನ್‌ಜಿಸಿ ತೈಲ ತೆಗೆದು ಮಾರುತ್ತದೆ, ದರ ಏರಿದರೆ ಅದಕ್ಕೆ ಲಾಭ. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್‌ಗಳು ಕಚ್ಚಾ ತೈಲ ಕೊಳ್ಳುವವರು. ಬಂಕಿನಲ್ಲಿ ದರ ಏರಿಸಲಾಗದಿದ್ದರೆ ಅವುಗಳ ಮಾರ್ಜಿನ್ ಕರಗುತ್ತದೆ. ಎನ್‌ಟಿಪಿಸಿ, ಪವರ್ ಗ್ರಿಡ್‌ಗಳ ಆದಾಯದ ಬಹುಪಾಲು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಯಮಗಳಿಗೆ ಕಟ್ಟುಬಿದ್ದಿದೆ, ತೈಲಕ್ಕೂ ಅದಕ್ಕೂ ನೇರ ನಂಟಿಲ್ಲ. ಇವೆಲ್ಲ ಇರುವುದು ಒಂದೇ ಸೂಚ್ಯಂಕದಲ್ಲಿ. ಒಎನ್‌ಜಿಸಿಯ ಲಾಭವೂ ಖಾತರಿಯದ್ದಲ್ಲ. 2022ರ ಜುಲೈ 1ರಂದು ಕೇಂದ್ರ ಸರ್ಕಾರ ದೇಶೀಯ ಕಚ್ಚಾ ತೈಲದ ಮೇಲೆ ವಿಂಡ್‌ಫಾಲ್ ತೆರಿಗೆ (ದರ ಏರಿ ಬಂದ ಅನಿರೀಕ್ಷಿತ ಲಾಭದ ಮೇಲಿನ ತೆರಿಗೆ) ಹೇರಿದಾಗ ಆ ಷೇರು ಒಂದೇ ದಿನದಲ್ಲಿ ಶೇ 10ಕ್ಕಿಂತ ಹೆಚ್ಚು ಕುಸಿದಿತ್ತು. ಆ ತೆರಿಗೆ ರದ್ದಾದದ್ದು 2024ರ ಡಿಸೆಂಬರ್‌ನಲ್ಲಿ.

ಇನ್ನು ತೂಕದ, ಅಂದರೆ ಸೂಚ್ಯಂಕದಲ್ಲಿ ಪ್ರತಿ ಷೇರಿಗಿರುವ ಪಾಲಿನ ವಿಷಯ. ಕಂಪನಿ ಎಷ್ಟು ದೊಡ್ಡದು ಎಂಬುದಕ್ಕಿಂತ, ಪ್ರವರ್ತಕರ (ಕಂಪನಿಯನ್ನು ನಿಯಂತ್ರಿಸುವ ಒಡೆಯರ) ಪಾಲು ಕಳೆದು ಪೇಟೆಯಲ್ಲಿ ಓಡಾಡುವ ಷೇರುಗಳ ಮೌಲ್ಯ ಎಷ್ಟು ಎಂಬುದೇ ಇಲ್ಲಿ ಲೆಕ್ಕ. ಫ್ರೀ ಫ್ಲೋಟ್ ಎಂದರೆ ಇದೇ. ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್‌ ಉದಾಹರಣೆ ನೋಡಿ. ಒಎನ್‌ಜಿಸಿ, ಎಚ್‌ಪಿಸಿಎಲ್ ಸೇರಿ ಶೇ 88ಕ್ಕೂ ಹೆಚ್ಚು ಪಾಲು ಪ್ರವರ್ತಕರ ಕೈಯಲ್ಲಿದೆ. ಸುಮಾರು 175 ಕೋಟಿ ಷೇರುಗಳಿಗೆ ತಲಾ 100 ರೂಪಾಯಿ ಎಂದು ಇಟ್ಟುಕೊಂಡರೆ ಕಂಪನಿಯ ಮೌಲ್ಯ 17,500 ಕೋಟಿ ರೂಪಾಯಿ. ಫ್ರೀ ಫ್ಲೋಟ್ ಲೆಕ್ಕಕ್ಕೆ ಸಿಗುವುದು ಹತ್ತಿರ ಹತ್ತಿರ 2,000 ಕೋಟಿ ಮಾತ್ರ. (ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳಾದ ಕೆಪಿಸಿ, ಎಸ್ಕಾಂಗಳ ಷೇರು ಪೇಟೆಯಲ್ಲೇ ಇಲ್ಲ, ಹಾಗಾಗಿ ರಾಜ್ಯದ ವಿದ್ಯುತ್ ದರ ಪರಿಷ್ಕರಣೆಯನ್ನು ಈ ಸೂಚ್ಯಂಕದಲ್ಲಿ ಹುಡುಕಿ ಫಲವಿಲ್ಲ.)

ಎಲ್ಲ ಕಂಪನಿಗಳ ಈ ಮೌಲ್ಯವನ್ನು ಕೂಡಿಸಿ, ಮೂಲ ದಿನದ ಇದೇ ಬಗೆಯ ಮೌಲ್ಯದಿಂದ (ಇದೇ ಭಾಜಕ) ಭಾಗಿಸಿ 1,000ದಿಂದ ಗುಣಿಸಿದರೆ ಸೂಚ್ಯಂಕ ಬರುತ್ತದೆ. ಮೂಲ ದಿನ 2001ರ ಜನವರಿ 1. ಕಂಪನಿ ಹೊಸ ಷೇರು ಹೊರಡಿಸಿದಾಗ ಅಥವಾ ಒಂದು ಹೋಗಿ ಇನ್ನೊಂದು ಸೇರಿದಾಗ ಭಾಜಕವನ್ನೂ ತಿದ್ದುತ್ತಾರೆ, ಇಲ್ಲದಿದ್ದರೆ ಯಾವ ಬೆಲೆಯೂ ಅಲುಗದೆ ಸೂಚ್ಯಂಕ ಜಿಗಿದುಬಿಡುತ್ತದೆ. ಪಟ್ಟಿಯ ಪರಿಷ್ಕರಣೆ ವರ್ಷಕ್ಕೆರಡು ಬಾರಿ.

ಹಳೆಯ ಅಂಕಿಗಳ ಜೊತೆ ಹೋಲಿಸುವವರು ಇನ್ನೊಂದನ್ನು ಗಮನಿಸಬೇಕು. ಮೊದಲು ಈ ಪಟ್ಟಿಯಲ್ಲಿ ಹತ್ತೇ ಕಂಪನಿಗಳಿದ್ದವು, ರಿಲಯನ್ಸ್ ಒಂದರ ತೂಕವೇ ಮೂರನೇ ಒಂದು ಭಾಗದ ಆಸುಪಾಸು. ಜಿಯೊ ಮೊಬೈಲ್ ದರ ಏರಿಸಿದರೂ ‘ಎನರ್ಜಿ’ ಏರುತ್ತಿದ್ದ ವಿಚಿತ್ರಕ್ಕೆ ಅದೇ ಕಾರಣ. ಈಗ 40 ಕಂಪನಿಗಳಿದ್ದು, ವಿದ್ಯುತ್ ಉಪಕರಣ ತಯಾರಕರೂ ಸೇರಿದ್ದಾರೆ. ಹೆಸರು ಅದೇ, ಒಳಗಿನ ಸರಕು ಬೇರೆ.

ವರದಿಗಾರರಿಗೆ ಒಂದು ಸುಲಭ ಲೆಕ್ಕ: ಷೇರಿನ ತೂಕವನ್ನು ಅದರ ಶೇಕಡಾವಾರು ಏರಿಳಿತದಿಂದ ಗುಣಿಸಿ. ಶೇ 10 ತೂಕದ ಷೇರು ಶೇ 3ರಷ್ಟು ಬಿದ್ದರೆ ಸೂಚ್ಯಂಕಕ್ಕೆ ಶೇ 0.3ರಷ್ಟು ಪೆಟ್ಟು; 35,000ದ ಮಟ್ಟದಲ್ಲಿ ಅದು 105 ಅಂಶ. ‘105 ಅಂಶ ಕುಸಿತ’ ಎಂಬ ತಲೆಬರಹದ ಕೆಳಗೆ ಹೆಚ್ಚು ಎಳೆದ ಮೂರು ಷೇರುಗಳನ್ನು ತೂಕಸಹಿತ ಕೊಟ್ಟರೆ ಎರಡೇ ಸಾಲು ಹಿಡಿಯುತ್ತದೆ. ಕೋಲ್ ಇಂಡಿಯಾದಂತಹ ಷೇರು ಲಾಭಾಂಶ ಕಳಚಿದ ದಿನ (ಅಂದಿನಿಂದ ಕೊಂಡವರಿಗೆ ಆ ಲಾಭಾಂಶ ಸಿಗದ ದಿನ) ಇಳಿದಿದ್ದರೆ ಅದನ್ನೂ ಹೇಳಿ. ನೀವು ಅಚ್ಚು ಹಾಕುವ ಸೂಚ್ಯಂಕಕ್ಕೆ ಲಾಭಾಂಶ ಸೇರುವುದಿಲ್ಲ, ಅದನ್ನು ಸೇರಿಸಿದ ಟೋಟಲ್ ರಿಟರ್ನ್ ಸೂಚ್ಯಂಕವನ್ನು ಎನ್‌ಎಸ್‌ಇ ಬೇರೆಯಾಗಿಯೇ ಪ್ರಕಟಿಸುತ್ತದೆ.

– ಓದುಗರೊಬ್ಬರು, ಮಂಗಳೂರು