ಈ ವಾರ ಮಕ್ಕಳೊಂದಿಗೆ ನಕ್ಷೆಯಾಟ

ಎಲ್ಲರಿಗೂ ನಮಸ್ಕಾರ. ರಾಜಧಾನಿಗಳ ಪಟ್ಟಿ ಬಾಯಿಪಾಠ ಮಾಡಿಸುವುದನ್ನು ಈ ವಾರ ದಯವಿಟ್ಟು ಬದಿಗಿಡಿ. ಹಳೆಯ ಭೂಪಟವೊಂದನ್ನು ರಟ್ಟಿಗೆ ಅಂಟಿಸಿ, ದೇಶಗಳ ಗಡಿಗುಂಟ ಕತ್ತರಿಸಿ, ತುಂಡುಗಳನ್ನು ಮಕ್ಕಳ ಮುಂದೆ ಹರಡಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮರದ ಹಲಗೆಗೆ ನಕ್ಷೆ ಅಂಟಿಸಿ ಹೀಗೆಯೇ ಕತ್ತರಿಸಿ ಮಾರಿದ್ದು ಭೂಗೋಳ ಕಲಿಸುವುದಕ್ಕೇ.

ನನ್ನ ಮಗಳು ಇಟಲಿಯ ತುಂಡು ಹಿಡಿದು "ಬೂಟು!" ಎಂದಳು, ಅದರ ತುದಿಯಲ್ಲಿ ಸಿಸಿಲಿ ದ್ವೀಪವನ್ನು ತಾನೇ ಇಟ್ಟಳು. ಬೊಲಿವಿಯವನ್ನು ಕೂರಿಸುವಾಗ ಸುತ್ತಲೂ ನೆಲವನ್ನೇ ಕಂಡು, "ಇವರ ಹಡಗು ಎಲ್ಲಿ ನಿಲ್ಲುತ್ತದೆ?" ಎಂದು ಕೇಳಿದಳು. ಅರ್ಧ ಗಂಟೆ ಅದರ ಮಾತೇ ನಡೆಯಿತು!

ಒಂದು ಎಚ್ಚರಿಕೆ. ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ರೂಪಿಸಿದ ಮಾದರಿಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ಆದ್ದರಿಂದ ಗೋಳವೊಂದು ಪಕ್ಕದಲ್ಲಿರಲಿ. ಅದರ ಮೇಲೆ ಟೋಕಿಯೊದಿಂದ ನ್ಯೂಯಾರ್ಕಿಗೆ ದಾರವನ್ನು ಬಿಗಿಯಾಗಿ ಎಳೆಯಲು ಹೇಳಿ. ದಾರ ಅಲಾಸ್ಕದ ಮೇಲೆ ಹಾದುಹೋಗುವುದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಬೇಡಿ.

ಮಕ್ಕಳು ಕೇಳಿದ ಪ್ರಶ್ನೆಗಳನ್ನು ಭಾನುವಾರ ಸಂಜೆಯೊಳಗೆ ಇಲ್ಲಿ ಬರೆಯಿರಿ. ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಎಲ್ಲರೂ ಸೇರಿ ಹುಡುಕೋಣ.