ರಜೆಯಲ್ಲಿ ಮಕ್ಕಳಿಗೆ ಒಂದಿಷ್ಟು ಒಳ್ಳೆಯ ಚಿತ್ರ ತೋರಿಸಿ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಐದನೇ ತರಗತಿಯ ಡ್ರಾಯಿಂಗ್ ಪುಸ್ತಕಗಳನ್ನು ನೋಡುತ್ತಿದ್ದೆ. ‘ನಿಸರ್ಗ ದೃಶ್ಯ’ ಬರೆಯಿರಿ ಎಂದು ಕೊಟ್ಟ ಪುಟದಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಚಿತ್ರ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ಮನೆ, ಒಂದು ತೆಂಗಿನ ಮರ. ಮಕ್ಕಳ ತಪ್ಪಲ್ಲ. ಬೆಟ್ಟವನ್ನು ಬೇರೆ ಥರವೂ ಬರೆಯಬಹುದು ಅಂತ ಅವರು ಎಲ್ಲಿ ನೋಡಿದ್ದಾರೆ? ತೋರಿಸಬೇಕಾದವರು ನಾವು, ಅಲ್ವಾ?

ನಮ್ಮ ಬೆಂಗಳೂರಿನಲ್ಲೇ ಅದಕ್ಕೆ ಜಾಗಗಳಿವೆ. ಈ ಕ್ರಿಸ್‌ಮಸ್ ರಜೆಯಲ್ಲಿ ಒಂದು ಅರ್ಧ ದಿನ ಬಿಡುವು ಮಾಡಿಕೊಳ್ಳಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗಿ. ಅಲ್ಲಿನ ಸಂಗ್ರಹದಲ್ಲಿ ನಿಕೊಲಾಸ್ ರೋರಿಕ್ ಬರೆದ ಹಿಮಾಲಯದ ಚಿತ್ರಗಳಿವೆ. ರಷ್ಯಾದಿಂದ ಬಂದ ಇವರು ಕುಲು ಕಣಿವೆಯಲ್ಲಿ ನೆಲೆಸಿ, 1947ರಲ್ಲಿ ಅಲ್ಲೇ ತೀರಿಕೊಂಡವರು. ಇವರ ಮಗ ಸ್ವೆಟೊಸ್ಲಾವ್ ಕೂಡ ಚಿತ್ರಕಾರ. ಪತ್ನಿ, ನಟಿ ದೇವಿಕಾ ರಾಣಿ ಜೊತೆ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಾಳಿದವರು. ಹಿಮ ಅಂದರೆ ಬಿಳಿ ಎಂದುಕೊಂಡಿರುವ ಮಗುವನ್ನು ಅಪ್ಪ ರೋರಿಕ್ ಅವರ ಬೆಟ್ಟಗಳ ಮುಂದೆ ನಿಲ್ಲಿಸಿ. ಹಿಮ ನೀಲಿಯಾಗಿರುತ್ತದೆ, ನೇರಳೆಯಾಗಿರುತ್ತದೆ, ಬೆಳಕು ಬಿದ್ದ ಕಡೆ ಗುಲಾಬಿ. ‘ಇಲ್ಲಿ ಬೆಳಗ್ಗೆನಾ, ಸಂಜೆನಾ?’ ಎಂದಷ್ಟೇ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.

ಇನ್ನೊಂದು ಬಗೆಯ ಬೆಟ್ಟ ನಮ್ಮವರೇ ಆದ ಕೆ. ವೆಂಕಟಪ್ಪನವರದು. ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದವರು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತವರು. ಊಟಿ, ಕೊಡೈಕೆನಾಲ್‌ಗಳನ್ನು ಅವರು ಜಲವರ್ಣದಲ್ಲಿ ಬರೆದಿದ್ದಾರೆ. ಮಂಜು ತುಂಬಿದ ಆ ಬೆಟ್ಟಗಳಿಗೆ ದಪ್ಪ ಕಪ್ಪು ಗೆರೆಯ ಅಂಚಿಲ್ಲ. ಬೆಟ್ಟ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ಹೇಳುವುದು ಕಷ್ಟ. ಮೊದಲು ಪೆನ್ಸಿಲ್‌ನಲ್ಲಿ ಗೆರೆ, ಆಮೇಲೆ ಒಳಗೆ ಬಣ್ಣ ಅಂತ ಕಲಿತ ಮಗುವಿಗೆ ಇದು ದೊಡ್ಡ ಸುದ್ದಿ.

ಫೋನಿನಲ್ಲೇ ತೋರಿಸಿದರೆ ಸಾಲದೇ ಎಂದು ಕೆಲವರು ಕೇಳಿದ್ದೀರಿ. ಸಾಲದು. ಫೋನಿನಲ್ಲಿ ಎಲ್ಲ ಚಿತ್ರವೂ ಅಂಗೈ ಅಗಲ. ಪರಿಷತ್ತಿನಲ್ಲೇ ಮೈಸೂರು ಶೈಲಿಯ ಹಳೆಯ ಚಿತ್ರಗಳಿವೆ. ಅವುಗಳನ್ನು ಎದುರಿನಿಂದ ನೋಡಿದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಓರೆಯಾಗಿ ನೋಡಲು ಹೇಳಿ. ದೇವರ ಒಡವೆ, ಸೀರೆಯ ಅಂಚು ಸಣ್ಣಗೆ ಉಬ್ಬಿಕೊಂಡಿರುವುದು ಆಗ ಕಾಣುತ್ತದೆ. ಅಂಟು ಮತ್ತು ಬಿಳಿ ಪುಡಿ ಕಲಸಿ, ತೆಳ್ಳಗೆ ಎಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಈ ಕೆಲಸ ಯಾವ ಸ್ಕ್ರೀನಿನಲ್ಲೂ ಕಾಣುವುದಿಲ್ಲ. ತೊಗಲು ಬೊಂಬೆಗಳನ್ನೂ ಬಿಡಬೇಡಿ. ಅವು ಮಕ್ಕಳಿಗೆ ತಾವಾಗಿಯೇ ಇಷ್ಟವಾಗುತ್ತವೆ, ನಾನು ಹೇಳುವುದು ಬೇಕಿಲ್ಲ.

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಿಂದ ಇದೆ. ಸೋಮವಾರ ರಜೆ. ದೊಡ್ಡ ಮರಗಳಿರುವ ಆವರಣ, ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಬಹುದು. ಎಲ್ಲ ಕಡೆ ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಈಗ ಏನು ನಡೆಯುತ್ತಿದೆ, ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಎಂದು ಫೋನ್ ಮಾಡಿ ವಿಚಾರಿಸಿಯೇ ಹೊರಡಿ. ಜನವರಿಯಲ್ಲಿ ಚಿತ್ರಸಂತೆಯೂ ಇರುತ್ತದೆ. ಅವತ್ತು ಕುಮಾರಕೃಪಾ ರಸ್ತೆಯ ತುಂಬ ಕಲಾವಿದರೇ. ಏನೂ ಕೊಳ್ಳದಿದ್ದರೂ ಪರವಾಗಿಲ್ಲ. ಚಿತ್ರ ಬರೆದವರನ್ನೇ ನಿಲ್ಲಿಸಿ ‘ಇದಕ್ಕೆ ಎಷ್ಟು ದಿನ ಹಿಡೀತು?’ ಎಂದು ಮಗು ಕೇಳಲಿ. ಆದರೆ ಜನ ಜಾಸ್ತಿ. ಚಿಕ್ಕ ಮಕ್ಕಳಿದ್ದರೆ ಬೆಳಗ್ಗೆ ಬೇಗ ಹೋಗಿ.

‘ನಮಗೇ ಚಿತ್ರಕಲೆ ಗೊತ್ತಿಲ್ಲ ಮೇಡಂ, ಮಕ್ಕಳಿಗೆ ಏನು ಹೇಳಿಕೊಡೋದು?’ ಎನ್ನುವವರಿಗೆ ನನ್ನ ಮಾತು ಇಷ್ಟೇ: ಹೇಳಿಕೊಡಬೇಡಿ, ಜೊತೆಗೆ ನಿಂತು ನೋಡಿ. ಇಡೀ ಗ್ಯಾಲರಿ ಮುಗಿಸಲೇಬೇಕು ಎಂದೇನಿಲ್ಲ. ಮಗು ಒಂದೇ ಚಿತ್ರದ ಮುಂದೆ ನಿಂತುಬಿಟ್ಟರೆ ‘ನಡಿ, ನಡಿ’ ಅನ್ನಬೇಡಿ. ಇಷ್ಟವಾಗಲಿಲ್ಲ ಅಂದರೆ ಯಾಕೆ ಅಂತ ಕೇಳಿ, ಆ ಉತ್ತರವೂ ಮುಖ್ಯ. ಇದರ ಮೇಲೆ ಪ್ರಾಜೆಕ್ಟ್ ಇಲ್ಲ, ಅಂಕ ಇಲ್ಲ. ನೋಡಿ ಬಂದದ್ದಕ್ಕೆ ಸಾಕ್ಷಿಯಾಗಿ ಫೋಟೊ ಕಳಿಸುವುದೂ ಬೇಡ.

ಮನೆಯಿಂದ ಹೋಗಲು ಆಗದವರು ಬೇಜಾರು ಮಾಡಿಕೊಳ್ಳಬೇಡಿ. ಭಾನುವಾರವೂ ದುಡಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ರಜೆ ಮುಗಿದ ಮೇಲೆ ಐದು ಮತ್ತು ಆರನೇ ತರಗತಿಯವರನ್ನು ಶಾಲೆಯಿಂದಲೇ ಪರಿಷತ್ತಿಗೆ ಕರೆದೊಯ್ಯುತ್ತೇವೆ. ಬಸ್ಸಿನ ಖರ್ಚು ಶಾಲೆಯದು. ಡೈರಿಯಲ್ಲಿ ಅಂಟಿಸಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿ. ಆ ದಿನ ಮಧ್ಯಾಹ್ನದ ಬುತ್ತಿ, ಒಂದು ಪೆನ್ಸಿಲ್, ಒಂದು ಖಾಲಿ ಪುಸ್ತಕ ಸಾಕು. ಸ್ಕೆಚ್ ಪೆನ್ ಬೇಡ. ನಮ್ಮ ಜೊತೆ ಬರಲು ಮನಸ್ಸಿರುವ ಅಪ್ಪ ಅಮ್ಮಂದಿರು ಆಫೀಸಿನಲ್ಲಿ ಹೆಸರು ಕೊಡಿ, ಬಸ್ಸಿನಲ್ಲಿ ಜಾಗ ಇದೆ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ