ಇಬ್ಬರೂ ಮಕ್ಕಳೇ

ಮೈಸೂರು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ನೀನು ಒಂದೇ ಉಸಿರಿಗೆ ಹತ್ತು ವಿಷಯ ಕೇಳಿದೆ. ಮಕ್ಕಳಿಬ್ಬರ ಗಲಾಟೆಯ ನಡುವೆ ನಾನು ಏನು ಹೇಳಿದರೂ ನಿನಗೆ ಕೇಳುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕಾಗಿಲ್ಲ. ಅಮ್ಮು ಮಲಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಓದು.

ಮೊದಲು ಆ ನಾಮಕರಣದ ಮನೆಯ ಮಾತು. ಯಾರೋ ಹಿರಿಯರು, "ಹೋಗ್ಲಿ ಬಿಡಮ್ಮ, ಗಂಡುಮಗ ಇದಾನಲ್ಲ, ನಾಳೆ ಅಕ್ಕನ್ನ ಅವನೇ ನೋಡ್ಕೋತಾನೆ" ಅಂದರಂತೆ. ಅದನ್ನು ಕೇಳಿ ಸ್ವಲ್ಪ ಧೈರ್ಯ ಬಂತು ಅಂತ ನೀನೂ ಹೇಳಿದೆ. ನಿನಗೆ ಧೈರ್ಯ ಬೇಕು, ಗೊತ್ತು. ಆದರೆ ಆ ಮಾತನ್ನು ಮಾತ್ರ ಮನೆಯೊಳಗೆ ತರಬೇಡ ಮಗಳೇ. ಚಿನ್ನುಗೆ ಇನ್ನೂ ಎರಡೂವರೆ ವರ್ಷ. ಚಡ್ಡಿ ಹಾಕಿಕೊಳ್ಳೋಕೂ ಸರಿಯಾಗಿ ಬರಲ್ಲ ಅವನಿಗೆ. ಅಂಥವನ ಹೆಗಲಿಗೆ ಅಕ್ಕನ ಬದುಕನ್ನು ಈಗಲೇ ಏರಿಸುವುದು ನ್ಯಾಯವಾ? ದೊಡ್ಡವನಾದ ಮೇಲೆ ಪ್ರೀತಿಯಿಂದ ನೋಡಿಕೊಂಡರೆ ಸಂತೋಷ. ಅದಕ್ಕೆಂದೇ ಹುಟ್ಟಿದವನು ಅನ್ನುವ ಹಾಗೆ ಬೆಳೆಸಬಾರದು. ಅಮ್ಮುಗೆ ಆಟಿಸಂ ಇದೆ, ಅವಳ ಮಿದುಳು ಬೆಳೆದ ರೀತಿ ಬೇರೆ, ಅಷ್ಟಕ್ಕೇ ಅವಳು ರೋಗಿಯಾಗುವುದಿಲ್ಲ, ಅವನು ಅವಳ ಕಾವಲಿನವನಾಗುವುದೂ ಇಲ್ಲ. ಇಬ್ಬರೂ ಮಕ್ಕಳೇ. ನಾನು ಹೇಳಬೇಕೆಂದಿರುವುದು ಇಷ್ಟೇ. ಮುಂದೆ ಬರೆಯುವುದೆಲ್ಲ ಇದಕ್ಕೆ ಸೇರಿದ್ದು.

ನನಗೆ ಇದೆಲ್ಲ ಎಲ್ಲಿಂದ ಗೊತ್ತು ಅಂತ ಅಳಿಯಂದಿರು ಕೇಳಬಹುದು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೂ ಅಮ್ಮುವಿನಂಥ ಮಕ್ಕಳು ತರಗತಿಯಲ್ಲಿ ಇದ್ದರು. ಆಗ ಯಾರಿಗೂ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಆಮೇಲೆ ನಮ್ಮ ಮಹಡಿಯ ರೂಮಿಗೆ ಬಾಡಿಗೆಗೆ ಬಂದವರೆಲ್ಲ ಹೆಚ್ಚಾಗಿ ತಾಯಂದಿರೇ. ಮಕ್ಕಳನ್ನು ಮಾನಸ ಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ತೋರಿಸಲು ಹಾಸನ, ರಾಯಚೂರು ಕಡೆಯಿಂದ ಮನೆ ಬಿಟ್ಟು ಬಂದು ತಿಂಗಳುಗಟ್ಟಲೆ ಇದ್ದವರು. ಅವರ ಜೊತೆ ಕಟ್ಟೆಯ ಮೇಲೆ ಕೂತು, ಅವರ ಮಕ್ಕಳಿಗೆ ತುತ್ತು ತಿನ್ನಿಸಿ ನಾನು ಕಲಿತದ್ದು ಬಹಳ.

ಯುಗಾದಿಗೆ ಬಂದಾಗ ಒಂದು ವಿಷಯ ನೋಡಿದೆ. "ಅಮ್ಮು, ನೀರು ಬೇಕಾ?" ಅಂತ ನೀನು ಕೇಳುವುದೇ ತಡ, ಚಿನ್ನು "ಬೇಕಂತೆ" ಅಂದುಬಿಡುತ್ತಾನೆ. ಅವಳು ತಲೆ ಎತ್ತುವಷ್ಟರಲ್ಲಿ ಲೋಟ ಕೈಗೆ ಬಂದಿರುತ್ತದೆ. ಅವನು ಮಾಡುವುದು ಒಳ್ಳೆಯ ಮನಸ್ಸಿನಿಂದಲೇ, ಗದರಬೇಡ. "ಈಗ ಅಕ್ಕನ ಸರದಿ, ಆಮೇಲೆ ನಿಂದು" ಅಂತ ನಗುನಗುತ್ತಾ ಹೇಳು. ಕೇಳಿದ ಮೇಲೆ ನೀನೂ ಸುಮ್ನಿರು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಕೇಳಿದ್ದನ್ನು ತಿಳಿದುಕೊಂಡು ಉತ್ತರ ಕೊಡಲು ಅವಳಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ಮಧ್ಯೆ ಇನ್ನೊಂದು ಸಲ ಕೇಳಿದರೆ ಅವಳು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಲೋಟದ ಕಡೆ ನೋಡಿದಳಾ? ನಿನ್ನ ಕೈ ಹಿಡಿದು ಫಿಲ್ಟರ್ ಕಡೆ ಎಳೆದಳಾ? ಅದೂ ಉತ್ತರವೇ. "ನೀರು" ಅಂತ ನೀನೇ ಹೇಳಿ ಕೊಡು. ಹೇಳಿದರೆ ಮಾತ್ರ ಕೊಡುತ್ತೇನೆ ಅಂತ ಬಾಯಾರಿದ ಮಗುವನ್ನು ಕಾಯಿಸಬೇಡ.

"ಮುಂದಿನ ನಿಲ್ದಾಣ, ಮುಂದಿನ ನಿಲ್ದಾಣ" ಅಂತ ದಿನವಿಡೀ ಅನ್ನುತ್ತಾಳೆ, ಅರ್ಥವೇ ಇಲ್ಲ ಅಂತ ನೀನು ಅತ್ತುಬಿಟ್ಟೆ. ನಾನು ಕಂಡ ಹಾಗೆ ಅವಳು ಅದನ್ನು ಹೇಳುವುದು ಚಪ್ಪಲಿ ಗೂಡಿನ ಮುಂದೆ ನಿಂತಾಗ. ಮೆಟ್ರೋದಲ್ಲಿ ಕೇಳಿದ್ದನ್ನು ಇಡಿಯಾಗಿ ನೆನಪಿಟ್ಟುಕೊಂಡು, ಹೊರಗೆ ಹೋಗೋಣ ಅನ್ನುವುದಕ್ಕೆ ಬಳಸುತ್ತಿದ್ದಾಳೆ. ಆಟಿಸಂ ಇರುವ ಎಷ್ಟೋ ಮಕ್ಕಳು ಮಾತಿಗೆ ಬರುವುದು ಹೀಗೇ. ಅವಳು ಹಾಗಂದಾಗ "ಹೊರಗೆ ಹೋಗೋಣ" ಅಂತ ನೀನು ಜೊತೆಗೆ ಸೇರಿಸು. ಬಿಡಿಸಿ ಹೇಳಲು ನಿಧಾನವಾಗಿ ಕಲಿಯುತ್ತಾಳೆ.

ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ ಅಂತ ಯಾರೋ ಥೆರಪಿಸ್ಟ್ ಹೇಳಿದ್ದನ್ನು ನಾನು ಖಂಡಿತ ಒಪ್ಪುವುದಿಲ್ಲ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಕ್ಕಳ ಮಾತು ಇನ್ನೂ ತಡವಾಗುತ್ತದೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ನೀನು ಮುದ್ದು ಮಾಡುವುದು, ರೇಗುವುದು, ತಲೆ ಸವರಿ ಮಲಗಿಸುವುದು ಎಲ್ಲ ಕನ್ನಡದಲ್ಲಿ. ಅದನ್ನೆಲ್ಲ ಬಿಟ್ಟು "ಸಿಟ್", "ಈಟ್", "ಕಮ್" ಅನ್ನುವ ಮನೆಯಲ್ಲಿ ಮಗುವಿಗೆ ಎಷ್ಟು ಮಾತು ಕೇಳಿಸೀತು? ನಿಮ್ಮತ್ತೆಯವರಿಗೆ ಇಂಗ್ಲಿಷ್ ಬರಲ್ಲ. ಅವರು ಪಕ್ಕದಲ್ಲೇ ಇದ್ದೂ ಅಮ್ಮುಗೆ ಅಜ್ಜಿ ಇಲ್ಲದ ಹಾಗಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಇರಲಿ. ಮನೆಯಲ್ಲಿ ಧಾರಾಳವಾಗಿ ಕನ್ನಡ ಮಾತಾಡಿ. ಚಿತ್ರದ ಕಾರ್ಡ್ ತೋರಿಸಿ ಕೇಳುವ ಅಭ್ಯಾಸ ಮಾಡಿಸಿದರೆ ಇರುವ ಮಾತೂ ನಿಲ್ಲುತ್ತದೆ ಅನ್ನುವ ಹೆದರಿಕೆಯೂ ಬೇಡ. ಕಾರ್ಡಿನಿಂದ ಮಾತು ನಿಂತ ಮಗುವನ್ನು ನಾನಂತೂ ಕಂಡಿಲ್ಲ.

ಇನ್ನು ಬೆಳಗಿನ ಗಡಿಬಿಡಿ. ಮಿಕ್ಸಿ ಶಬ್ದಕ್ಕೆ ಅಮ್ಮು ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ ಅಂದೆ. ಚಟ್ನಿ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿಡು. ಬೆಳಿಗ್ಗೆ ಹಾಕಲೇಬೇಕಾದರೆ ಮೊದಲು ಅವಳಿಗೆ ಮಿಕ್ಸಿ ತೋರಿಸು, "ಮಿಕ್ಸಿ ಹಾಕ್ತೀನಿ" ಅಂತ ಹೇಳು, ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಹಾಕು. ಕುಕ್ಕರ್ ವಿಷಲ್ಲಿಗೂ ಅಷ್ಟೇ. ಹಟ ಮಾಡುವ ಮಗು ನೀನು ನೋಡುತ್ತಿದ್ದೀಯಾ ಅಂತ ಓರೆಗಣ್ಣಲ್ಲಿ ನೋಡುತ್ತದೆ. ಅಮ್ಮು ಕಿರುಚುವಾಗ ಅವಳಿಗೆ ನೀನೂ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ. ಆಗ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಲೈಟ್ ಆರಿಸು, ಮಾತು ನಿಲ್ಲಿಸು, ತಲೆಗೆ ಪೆಟ್ಟಾಗದಂತೆ ದಿಂಬು ಇಡು, ಹತ್ತಿರದಲ್ಲೇ ಕೂತಿರು.

ಊಟದಲ್ಲಿ ಅವಳು ಮೊಸರನ್ನದ ಸಾಸಿವೆ ಕಾಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವುದನ್ನು ನೋಡಿದೆ. ಎಲ್ಲ ತೆಗೆದಾದ ಮೇಲೇ ಬಾಯಿಗೆ ಹಾಕಿದಳು. ಅಷ್ಟರಲ್ಲಿ ಅನ್ನ ಒಣಗಿತ್ತು, ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು, ನೀನು ಬೈಯುತ್ತಿದ್ದೆ. ಒಗ್ಗರಣೆ ಹಾಕುವ ಮುಂಚೆ ಅವಳ ಪಾಲು ತೆಗೆದಿಟ್ಟರೆ ಆಯ್ತಲ್ವಾ? ಹೊಸ ಪದಾರ್ಥ ತಿನ್ನಲಿ ಅಂತ ಆಸೆ ಇದ್ದರೆ ಅವಳ ತಟ್ಟೆಯ ಪಕ್ಕ ಇನ್ನೊಂದು ತಟ್ಟೆಯಲ್ಲಿ ಚೂರು ಇಟ್ಟು ಸುಮ್ಮನಿರು. ಮುಟ್ಟಲಿ, ಮೂಸಲಿ, ಬಿಡಲಿ.

ಕೂದಲ ವಿಷಯಕ್ಕೆ ನಿಮ್ಮತ್ತೆಯವರಿಗೆ ಬೇಜಾರಾಗಿದೆ, ಹೆಣ್ಣುಮಗುವಿನ ಜಡೆ ಕತ್ತರಿಸೋದಾ ಅಂತ. ಅವರೊಡನೆ ನಾನು ಮಾತಾಡುತ್ತೇನೆ. ಬಾಚಣಿಗೆ ತಾಗಿದರೇ ನೋವಾಗುವ ಮಗುವಿಗೆ ದಿನಾ ಜಡೆಯ ಯುದ್ಧ ಯಾಕೆ? ಕತ್ತರಿಸು. ಅವರಿಗೆ ಬೇರೆ ಕೆಲಸ ಒಪ್ಪಿಸು. ಅವರು ಬಾಗಿಲಿಗೆ ಚುಕ್ಕಿ ಇಡುವಾಗ ಅಮ್ಮು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ರೆಪ್ಪೆ ಬಡಿಯದೆ ನೋಡುತ್ತಾಳೆ. ರಂಗೋಲಿ ಪುಡಿ ಅವಳ ಕೈಗೂ ಕೊಡಲಿ.

ಚಿನ್ನುವಿಗೂ ದಿನದಲ್ಲಿ ಒಂದಿಷ್ಟು ಹೊತ್ತು ಬೇಕು. ಅವನು ಜೋಡಿಸಿದ ಬ್ಲಾಕ್ಸನ್ನು ಅಕ್ಕ ಬೀಳಿಸಿದರೆ "ಹೋಗ್ಲಿ ಬಿಡು, ಪಾಪ ಅವಳಿಗೆ ಗೊತ್ತಾಗಲ್ಲ" ಅನ್ನಬೇಡ. ಅವನಿಗೆ ದುಃಖವಾಗಿದೆ ಅಂತ ಮೊದಲು ಒಪ್ಪಿಕೋ. ಅವಳ ಕೈಗೆ ಸಿಗದ ಮೇಜಿನ ಮೇಲೆ ಜಾಗ ಮಾಡಿಕೊಡು. ಅಮ್ಮುಗೂ ಬೀಳಿಸಬಾರದು ಅಂತ ಕಲಿಸು, ಅವಳು ಕಲಿಯುತ್ತಾಳೆ. ಅವನು ಅಕ್ಕನ ಹಾಗೆ ಕೈ ಕುಣಿಸಿದಾಗಲೆಲ್ಲ ನಿನ್ನ ಎದೆ ಝಲ್ಲೆನ್ನುತ್ತದೆ ಅಂದೆ. ಆಟಿಸಂ ಇರುವ ಮಕ್ಕಳ ತಮ್ಮ-ತಂಗಿಯರಲ್ಲಿ ಐವರಲ್ಲಿ ಒಬ್ಬರಿಗೆ ಅದು ಕಾಣಿಸುವುದುಂಟು, ಅದು ನಿಜ. ಒಮ್ಮೆ ಡಾಕ್ಟರಿಗೆ ತೋರಿಸಿ ಮನಸ್ಸು ಹಗುರ ಮಾಡಿಕೋ. ಆಮೇಲೆ ಅವನನ್ನು ಪರೀಕ್ಷೆ ಮಾಡುವ ಹಾಗೆ ನೋಡುತ್ತಾ ಕೂರಬೇಡ. ನಿನ್ನ ಕಣ್ಣು ಅವನಿಗೂ ಗೊತ್ತಾಗುತ್ತದೆ. ಅವನಿಗೆ ಬಾಕಿ ಇರುವ, ದಡಾರ ತಡೆಯುವ ಎಂಎಂಆರ್ ಲಸಿಕೆಯನ್ನೂ ಹಾಕಿಸು. ಆ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ಅದನ್ನು ಅಚ್ಚು ಮಾಡಿದ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು.

ಬಾಗಿಲ ಮುಂದಿನ ಸಂಪ್ ಬಗ್ಗೆ ಮಾತ್ರ ನಾಳೆ ಅನ್ನಬೇಡ. ಮುಚ್ಚಳಕ್ಕೆ ಬೀಗ ಹಾಕಿಸು, ಇವತ್ತೇ. ಇಂಥ ಮಕ್ಕಳಿಗೆ ನೀರೆಂದರೆ ಸೆಳೆತ ಜಾಸ್ತಿ, ಹೇಳದೆ ಹೊರಟುಬಿಡುತ್ತಾರೆ. ಕದಕ್ಕೆ ಮೇಲೊಂದು ಚಿಲಕ ಇರಲಿ. ಅವಳ ಬಟ್ಟೆಯಲ್ಲಿ ನಿನ್ನ ಫೋನ್ ನಂಬರ್ ಇರಲಿ. ಅಕ್ಕಪಕ್ಕದವರಿಗೆ, ಮೂಲೆ ಅಂಗಡಿಯವರಿಗೆ ಅವಳ ವಿಷಯ ಹೇಳಿಡು. ಮುಚ್ಚಿಡುವಂಥದ್ದು ಏನೂ ಇಲ್ಲ.

ರಾತ್ರಿ ನಿದ್ದೆ ಬರದೆ, ನಾನೇನು ತಪ್ಪು ಮಾಡಿದೆ ಅಂತ ಯೋಚಿಸುತ್ತೀಯಲ್ಲ, ಅದನ್ನು ಬಿಡು. ಬಸುರಿಯಲ್ಲಿ ಕೆಲಸಕ್ಕೆ ಹೋದದ್ದು, ಮೊಬೈಲ್ ತೋರಿಸಿ ಉಣ್ಣಿಸಿದ್ದು, ಯಾರದೋ ದೃಷ್ಟಿ, ಇವು ಯಾವುದೂ ಕಾರಣವಲ್ಲ. ಅಮೆರಿಕದ ಡಾಕ್ಟರ್ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದರು. ಅಲ್ಲಿಂದ ಎಷ್ಟೋ ವರ್ಷ ದೊಡ್ಡ ದೊಡ್ಡ ಡಾಕ್ಟರುಗಳೇ ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗಿದೆ ಅಂದುಬಿಟ್ಟರು. ಎಷ್ಟು ತಾಯಂದಿರು ಆ ಮಾತನ್ನು ನಂಬಿ ಸತ್ತರೋ, ನೆನೆದರೆ ಹೊಟ್ಟೆ ಉರಿಯುತ್ತದೆ. ಅದು ಪೂರ್ತಿ ಸುಳ್ಳು. ಬಹುಪಾಲು ವಂಶವಾಹಿಗಳಿಂದ ಬರುವುದು, ಹುಟ್ಟುವ ಮೊದಲೇ ಶುರುವಾಗುವುದು ಅಂತ ಈಗ ತಿಳಿದಿದೆ.

ಬಜೆ ತೇದು ನಾಲಿಗೆಗೆ ಹಚ್ಚಿ ಅನ್ನುವವರಿಗೆ ಆಯ್ತು ಅಂದು ಸುಮ್ಮನಾಗು. ಲಕ್ಷಗಟ್ಟಲೆ ಕೊಟ್ಟರೆ ಸ್ಟೆಮ್ ಸೆಲ್ ಅನ್ನುವ ಜೀವಕೋಶ ಹಾಕಿ ಗುಣ ಮಾಡುತ್ತೇವೆ ಅನ್ನುವವರ ಬಾಗಿಲಿಗೆ ಮಾತ್ರ ಹೋಗಬೇಡ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ನಿನಗೆ ನಿಮ್ಹಾನ್ಸ್ ಊರಲ್ಲೇ ಇದೆ. ಅನುಮಾನ ಬಂದದ್ದನ್ನೆಲ್ಲ ಅಲ್ಲಿ ಹೋಗಿ ಕೇಳು.

ಕಾಗದ ಪತ್ರದ ಕೆಲಸ ಅಳಿಯಂದಿರು ಮಾಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಸ್ವಲ್ಪ ಬರುತ್ತದೆ. ಅದೇ ಟ್ರಸ್ಟಿನ 1999ರ ಕಾಯ್ದೆಯಲ್ಲಿ, ಅಮ್ಮುಗೆ 18 ತುಂಬಿದ ಮೇಲೆ ಅಗತ್ಯವಿದ್ದರೆ ಪೋಷಕರನ್ನು, ಅಂದರೆ ಗಾರ್ಡಿಯನ್ ಅನ್ನು, ಕಾನೂನು ಪ್ರಕಾರ ನೇಮಿಸಿಕೊಳ್ಳುವ ದಾರಿ ಇದೆ. ನಮ್ಮ ನಂತರ ಯಾರು ಅನ್ನುವ ಪ್ರಶ್ನೆಗೆ ಉತ್ತರವನ್ನು ನೀವಿಬ್ಬರು ಈಗಿನಿಂದಲೇ ನಿಧಾನವಾಗಿ ಕಟ್ಟುತ್ತಾ ಬನ್ನಿ. ಹಣ, ಕಾಗದ, ನಾಲ್ಕು ಜನರ ಬಳಕೆ, ಅಮ್ಮು ತಾನೇ ಸ್ನಾನ ಮಾಡಿ ಬಟ್ಟೆ ಮಡಿಸುವುದನ್ನು ಕಲಿಯುವುದು, ಎಲ್ಲವೂ ಅದರಲ್ಲಿ ಸೇರುತ್ತದೆ. ಆಗ ಎಲ್ಲ ಭಾರವೂ ಚಿನ್ನು ಒಬ್ಬನ ಮೇಲೆ ಬೀಳುವುದಿಲ್ಲ.

ಕೆಲಸ ಬಿಡುವ ಯೋಚನೆಯನ್ನು ಈ ಸುಸ್ತಿನಲ್ಲಿ ಮಾಡಬೇಡ. ಮೊದಲು ರಜೆ ಕೇಳು. ವಾರಕ್ಕೆ ಅಷ್ಟೊಂದು ಥೆರಪಿ ಕ್ಲಾಸ್ ಯಾಕೆ ಅಂತಲೂ ಕೇಳು. ಮಗು ಕಾರಿನಲ್ಲೇ ಸಂಜೆ ಕಳೆಯುವಂತಾದರೆ ಒಂದನ್ನು ಬಿಟ್ಟು ಪಾರ್ಕಿಗೆ ಕರೆದುಕೊಂಡು ಹೋಗು. ಅಳಿಯಂದಿರು ಮಾತಾಡುವುದೇ ಇಲ್ಲ ಅಂದೆ. ಗಂಡಸರು ಕೆಲವರು ದುಃಖಕ್ಕೆ ಆಫೀಸಿನಲ್ಲಿ ಕೂರುತ್ತಾರೆ. ಅಮ್ಮುವಿನ ರಾತ್ರಿಯ ಸ್ನಾನ, ಮಲಗಿಸುವುದು ಅವರದೇ ಅಂತ ಬಿಟ್ಟುಕೊಡು. ಅವರು ತಮ್ಮ ರೀತಿಯಲ್ಲಿ ಮಾಡಲಿ, ನಡುವೆ ಹೋಗಿ ತಿದ್ದಬೇಡ.

ಬರುವ ತಿಂಗಳು ಒಂದು ವಾರ ನಾನು ಬಂದಿರುತ್ತೇನೆ. ಅಮ್ಮು ಜೊತೆ ಮನೆಯಲ್ಲಿರುತ್ತೇನೆ. ನೀನು ಚಿನ್ನುವನ್ನು ಒಬ್ಬನನ್ನೇ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗು. ಒಂದು ದಿನ ನೀನೂ ಅಳಿಯಂದಿರೂ ಇಬ್ಬರೇ ಹೋಗಿ ಊಟ ಮಾಡಿ ಬನ್ನಿ. ನಾನು ಬರುವ ಮೊದಲು ನನ್ನ ಫೋಟೋ ಅಮ್ಮುಗೆ ನಾಲ್ಕು ದಿನ ತೋರಿಸಿಡು. ಯಾವ ವಾರ ಅನುಕೂಲ ಅಂತ ಫೋನ್ ಮಾಡು, ಟಿಕೆಟ್ ತೆಗೆಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ